ಅಂಗೈಯಗಲದ ರೋಲರ್, ದೋಣಿಯ ಮುಂಭಾರ

ಎತ್ತಿನ ಗಾಡಿಗೆ ಹೇರು ತುಂಬುವವರು ಮೂಟೆಗಳನ್ನು ಎಣಿಸುವುದಕ್ಕೆ ಮೊದಲು ಅವು ಎಲ್ಲಿ ಕೂರಬೇಕು ಎಂದು ನೋಡುತ್ತಾರೆ. ಮೂಕಿಯ ಕಡೆಗೆ ಹೆಚ್ಚು ಸರಿದರೆ ಮುಂಭಾರವಾಗಿ ನೊಗ ಎತ್ತುಗಳ ಹೆಗಲನ್ನು ಅಮುಕುತ್ತದೆ. ಹಿಂದಕ್ಕೆ ಸರಿದರೆ ಹಿಂಭಾರವಾಗಿ ನೊಗವೇ ಮೇಲೆದ್ದು ಕೊರಳಿನ ಜತ್ತಿಗೆ ಗಂಟಲಿಗೆ ಬಿಗಿಯುತ್ತದೆ. ಹೇರು ಅಷ್ಟೇ, ಗಾಡಿಯೂ ಅದೇ. ಒಂದು ಗೇಣು ಹಿಂದೆಮುಂದೆ ಆದರೆ ದಾರಿಯುದ್ದಕ್ಕೂ ಫಲ ಬೇರೆ. ಕಾರಿನ ಹಿಂದೆ ಟ್ರೇಲರ್ ಕಟ್ಟಿ ದೋಣಿಯನ್ನು ಹೆದ್ದಾರಿಯಲ್ಲಿ ಎಳೆದೊಯ್ಯುವ ನಾಡುಗಳಲ್ಲಿ ಈ ಲೆಕ್ಕವನ್ನು ಹಿಡಿದಿಡುವ ಕೆಲಸ ಬಿದ್ದಿರುವುದು ಅಂಗೈಯಗಲದ ಒಂದು ರಬ್ಬರ್ ರೋಲರಿನ ಮೇಲೆ. ಟ್ರೇಲರಿನ ಮುಂತುದಿಯಲ್ಲಿ ಒಂದು ಕಂಬವಿರುತ್ತದೆ. ಅದಕ್ಕೆ ದೋಣಿಯನ್ನು ಎಳೆದುಕೊಳ್ಳುವ ವಿಂಚ್, ಅದರ ಸಮೀಪವೇ ಕಬ್ಬಿಣದ ಎರಡು ಕಿವಿಗಳ ನಡುವೆ ಪಿನ್ನಿನಲ್ಲಿ ತಿರುಗುವ ರೋಲರ್. ದೋಣಿಯ ಮೂತಿ ಬಂದು ಒರಗುವುದು ಇದಕ್ಕೆ. ಸವೆದಾಗ ಇದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ, ಬೆಲೆಯೂ ಕಡಿಮೆ. ಆದ್ದರಿಂದಲೇ ಇದನ್ನು ಚಪ್ಪಲಿಯ ಉಂಗುಷ್ಠ ಬದಲಿಸಿದಷ್ಟು ಹಗುರವಾಗಿ ಮಾಡಿ ಮುಗಿಸುತ್ತಾರೆ. ಆದರೆ ರೋಲರ್ ಬದಲಿಸುವುದೆಂದರೆ ದೋಣಿ ಟ್ರೇಲರಿನ ಮೇಲೆ ಎಲ್ಲಿ ನಿಲ್ಲಬೇಕೆಂದು ಹೊಸದಾಗಿ ತೀರ್ಮಾನಿಸುವುದು. ಆ ಗಮನದಿಂದಲೇ ಈ ಕೆಲಸಕ್ಕೆ ಕೈಹಾಕಬೇಕು ಎಂಬುದು ನನ್ನ ವಾದ.

ಅಮೆರಿಕದ ಮಿನ್ನೆಸೋಟ ರಾಜ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೆ ‘10,000 ಸರೋವರಗಳು’ ಎಂದು ಬರೆದಿರುತ್ತದೆ; ಹತ್ತು ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ ನಿಜದ ಲೆಕ್ಕ 11,842. ನೋಂದಾಯಿತ ದೋಣಿಗಳು 8 ಲಕ್ಷದ ಆಸುಪಾಸು, ಅಂದರೆ ಹೆಚ್ಚುಕಡಿಮೆ ಏಳು ಜನರಿಗೊಂದು. ಇವುಗಳಲ್ಲಿ ಬಹುಪಾಲು ನೀರಿನ ಬದಿಯಲ್ಲಿ ಕಾಯಂ ನಿಲ್ಲುವುದಿಲ್ಲ, ಟ್ರೇಲರ್ ಏರಿ ಮನೆಯಿಂದ ಸರೋವರಕ್ಕೆ, ಸರೋವರದಿಂದ ಮನೆಗೆ ಓಡಾಡುತ್ತವೆ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿದಾಗ ದೋಣಿ ಐದಾರು ತಿಂಗಳು ಟ್ರೇಲರಿನ ಮೇಲೆಯೇ ಮಲಗುತ್ತದೆ. ವಿಂಚ್ ಬಿಗಿದ ಸ್ಥಿತಿಯಲ್ಲಿ ಮೂತಿ ರೋಲರಿನ ಒಂದೇ ಜಾಗವನ್ನು ಒತ್ತುತ್ತಾ ಇರುತ್ತದೆ. ರಬ್ಬರನ್ನು ಅಷ್ಟು ದಿನ ಒಂದೇ ಕಡೆ ಅದುಮಿದರೆ ಅದು ಮತ್ತೆ ಪೂರ್ತಿ ಉಬ್ಬಿ ಬರುವುದಿಲ್ಲ, ತಗ್ಗು ಉಳಿಯುತ್ತದೆ. ಮೇಲಿಂದ ಬಿಸಿಲು, ಗಾಳಿಯ ಓಜೋನ್, ಕೆಳಗಿನಿಂದ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು. ಮೇ ತಿಂಗಳ ನಡುವೆ ವಾಲೈ ಮೀನಿನ ಹಂಗಾಮು ತೆರೆದಾಗ ಎಲ್ಲರೂ ಒಂದೇ ವಾರಾಂತ್ಯ ರಸ್ತೆಗಿಳಿಯುತ್ತಾರೆ. ಒಡೆದ ರೋಲರ್ ಕಣ್ಣಿಗೆ ಬೀಳುವುದೂ, ಅವಸರದಲ್ಲಿ ಸಿಕ್ಕಿದ್ದನ್ನು ಹಾಕಿ ಹೊರಡುವುದೂ ಆಗಲೇ.

ಈ ಪುಟ್ಟ ಭಾಗ ಹೊರುವ ಬಲ ಎಷ್ಟೆಂದು ನೋಡಿದರೆ ಅವಸರ ಯಾಕೆ ಸಲ್ಲದು ಎಂದು ತಿಳಿಯುತ್ತದೆ. ಎಂಜಿನ್, ಇಂಧನ, ಬ್ಯಾಟರಿ ಎಲ್ಲ ಸೇರಿ 800 ಕಿಲೋ ತೂಗುವ ಸಾಧಾರಣ ಮೀನುಗಾರಿಕೆ ದೋಣಿ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನ ಬ್ರೇಕ್ ತುಳಿದು ಸುಮಾರು 50 ಮೀಟರಿನಲ್ಲಿ ನಿಂತರೆ, ದೋಣಿ ತನ್ನ ತೂಕದ ಅರ್ಧದಷ್ಟು, ಅಂದರೆ 400 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಕಾರ್ಪೆಟ್ ಸುತ್ತಿದ ಉದ್ದನೆಯ ಹಾಸುಮರಗಳ ಮೇಲೆ ಕೂತ ದೋಣಿಯಾದರೆ ತಿಕ್ಕಾಟದಿಂದ ಸ್ವಲ್ಪ ಪಾಲು ಅಲ್ಲೇ ಕಳೆಯುತ್ತದೆ. ತಳದುದ್ದಕ್ಕೂ ರೋಲರುಗಳಿರುವ ಟ್ರೇಲರಿನಲ್ಲಿ ಆ ಸಹಾಯ ಹೆಚ್ಚುಕಡಿಮೆ ಇಲ್ಲ. ಜಾರಲೆಂದೇ ಮಾಡಿದ ಸಾಧನ ಅದು. ಉಳಿದ ಬಲವಷ್ಟೂ ಮೂತಿಯ ರೋಲರಿಗೆ ಬಂದು ತಾಕುತ್ತದೆ, ಅದೂ ಎರಡು ಹೆಬ್ಬೆರಳಿನಷ್ಟು ಜಾಗದಲ್ಲಿ. ರೋಲರಿನಿಂದ ಪಿನ್ನಿಗೆ, ಪಿನ್ನಿನಿಂದ ಬ್ರಾಕೆಟ್ಟಿನ ಕಿವಿಗಳಿಗೆ, ಅಲ್ಲಿಂದ ಕಂಬಕ್ಕೆ, ಕಂಬದ ಬುಡದ ಬೋಲ್ಟುಗಳಿಗೆ ಹರಿಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ದೋಣಿ ಮುಂದಕ್ಕೆ ಬರುತ್ತದೆ, ಮತ್ತು ಅದರ ಮುಂದಿರುವುದು ಕಾರಿನ ಹಿಂಬದಿ ಸೀಟು.

ವಿಂಚಿನ ಪಟ್ಟಿ ದೋಣಿಯನ್ನು ಬಿಗಿದು ಹಿಡಿದಿದೆಯಲ್ಲ, ರೋಲರ್ ಬರೀ ಮೆತ್ತೆಯಲ್ಲವೇ ಎಂದು ಕೇಳುವವರಿದ್ದಾರೆ. ಪಟ್ಟಿ ಎಳೆಯಬಲ್ಲದು, ತಳ್ಳಲಾರದು. ವಾಹನ ಮುಂದಕ್ಕೆ ಜಿಗಿದಾಗ ಅಥವಾ ಏರು ಹತ್ತುವಾಗ ದೋಣಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಪಟ್ಟಿಯ ಕೆಲಸ. ಬ್ರೇಕ್ ಹಾಕಿದ ಕ್ಷಣ ಅದು ಸಡಿಲವಾಗುತ್ತದೆ. ಆಗ ಮುಖ್ಯವಾಗಿ ತಡೆಯುವುದು ರೋಲರೇ. ಇನ್ನೊಂದು ಮಾತು: ಗಟ್ಟಿಯಾಗಿ ಬ್ರೇಕ್ ಬಿದ್ದಾಗ ದೋಣಿ ಬರೀ ಮುಂದಕ್ಕೆ ಬರುವುದಿಲ್ಲ, ಮೂತಿ ಮೇಲಕ್ಕೂ ಏರಲು ನೋಡುತ್ತದೆ. ವಿಂಚಿನ ಪಟ್ಟಿ ಸಿಕ್ಕಿಸುವ ಮೂತಿಯ ಲೋಹದ ಕೊಂಡಿ ರೋಲರಿಗಿಂತ ಸ್ವಲ್ಪ ಕೆಳಗೆ ಕೂರುವಂತೆ ಹೊಂದಿಸುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ಹಾಗಿದ್ದರೆ ಮೇಲೇರಲು ನೋಡುವ ಕೊಂಡಿಯನ್ನು ರೋಲರೇ ಅಡ್ಡಗಟ್ಟುತ್ತದೆ. ಹೊಸ ರೋಲರ್ ಹಾಕುವ ಭರದಲ್ಲಿ ಬ್ರಾಕೆಟ್ಟನ್ನು ಒಂದು ತೂತು ಕೆಳಗೆ ಕೂರಿಸಿದರೆ ಈ ತಡೆ ಹೋಯಿತು. ಯಾರಿಗೂ ಕಾಣದ ಬದಲಾವಣೆ ಅದು, ಅಪಘಾತದ ದಿನದವರೆಗೆ.

ಈಗ ಮುಂಭಾರದ ಮಾತಿಗೆ ಬರೋಣ. ರೋಲರ್ ಎಲ್ಲಿದೆಯೋ ದೋಣಿಯ ಮೂತಿ ಅಲ್ಲಿ, ಮೂತಿ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಹಿಂದೆ ನೇತಾಡುವ ಎಂಜಿನ್. ಟ್ರೇಲರಿನ ಅಚ್ಚಿನಿಂದ ಕಾರಿಗೆ ಸಿಕ್ಕಿಸುವ ಕೊಕ್ಕೆಯವರೆಗೆ 5 ಮೀಟರ್ ದೂರವಿದ್ದು, 800 ಕಿಲೋ ದೋಣಿಯನ್ನು 10 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಕೊಕ್ಕೆಯ ಮೇಲಿನ ಭಾರ 16 ಕಿಲೋ ಇಳಿಯುತ್ತದೆ. ಸಣ್ಣ ಅಂಕಿ ಅನ್ನಿಸಬಹುದು. ಆದರೆ ದೋಣಿ, ಟ್ರೇಲರ್ ಎರಡೂ ಸೇರಿ ಸಾವಿರ ಕಿಲೋ ಚಿಲ್ಲರೆ ತೂಗುವಾಗ ಕೊಕ್ಕೆಯ ಮೇಲೆ ಇರಬೇಕಾದ ಭಾರವೇ 50ರಿಂದ 100 ಕಿಲೋ. ಅದರಲ್ಲಿ 16 ಕಿಲೋ ಕಳೆಯುವುದೆಂದರೆ ಗಾಡಿಯ ಗುಣವೇ ಬದಲಾದಂತೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಕಾರು ಮತ್ತು ಟ್ರೇಲರುಗಳ ಮೇಲೆ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನೆಯಬೇಕಾದ್ದು. ವೇಗದಲ್ಲಿ ಟ್ರೇಲರ್ ಸ್ಥಿರವಾಗಿರುತ್ತದೋ ಬಾಲ ಅಲ್ಲಾಡಿಸುತ್ತದೋ ಎಂಬುದನ್ನು ಅದರ ಒಟ್ಟು ತೂಕ ಅಷ್ಟಾಗಿ ನಿರ್ಧರಿಸುವುದಿಲ್ಲ. ತೂಕ ಹೇಗೆ ಹಂಚಿಕೆಯಾಗಿದೆ, ಮುಂಭಾರ ಎಷ್ಟಿದೆ, ಅಚ್ಚು ಎಲ್ಲಿದೆ ಎಂಬವೇ ನಿರ್ಧರಿಸುತ್ತವೆ ಎಂದು ಅವರು ಕಂಡುಕೊಂಡರು. ಗಾಡಿ ಹೊಡೆಯುವವರು ಎಂದಿನಿಂದಲೋ ಬಲ್ಲ ಮಾತನ್ನು ಅಳತೆಪಟ್ಟಿ ದೃಢಪಡಿಸಿದೆ ಎನ್ನಬಹುದು. ವ್ಯತ್ಯಾಸವಿಷ್ಟೆ: ಎತ್ತಿನ ಗಾಡಿಯ ನಡಿಗೆಯಲ್ಲಿ ಹಿಂಭಾರ ಎತ್ತಿನ ಕೊರಳನ್ನು ನೋಯಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ಟ್ರೇಲರನ್ನು ಎಡಬಲ ತೂಗಿಸಿ, ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಎಳೆಯುವ ಕಾರನ್ನೇ ಮಗುಚಬಲ್ಲದು.

ರೋಲರ್ ಸವೆಯುವುದು ಎರಡು ಸೆಂಟಿಮೀಟರ್, ಹೆಚ್ಚೆಂದರೆ ಮೂರು. ಅದಕ್ಕೆ 10 ಸೆಂಟಿಮೀಟರಿನ ಲೆಕ್ಕ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಎರಡು ಸೆಂಟಿಮೀಟರಿಗೆ ಮುಂಭಾರದಲ್ಲಿ ಆಗುವ ವ್ಯತ್ಯಾಸ ಮೂರು ಕಿಲೋ ಚಿಲ್ಲರೆ, ಅದರಿಂದ ಯಾವ ಗಾಡಿಯೂ ತೂಗಾಡುವುದಿಲ್ಲ. ಆದರೆ ತೊಂದರೆ ಎರಡು ಕಡೆಯಿಂದ ಬರುತ್ತದೆ. ಹಳೆಯ ಅಳತೆಯ ರೋಲರ್ ಸಿಗದೆ ದಪ್ಪನೆಯದನ್ನು ತಂದು, ಅದು ಕೂರಲೆಂದು ಕಂಬವನ್ನೇ ಹಿಂದಕ್ಕೋ ಮುಂದಕ್ಕೋ ಸರಿಸುವುದು ಸಾಮಾನ್ಯ. ಕಂಬ ಸರಿದರೆ ಸೆಂಟಿಮೀಟರುಗಳು ಬೇಗ ಕೂಡುತ್ತವೆ. ಎರಡನೆಯದು ದೋಣಿಯ ಇನ್ನೊಂದು ತುದಿಯದು. ಎಂಜಿನ್ ನೇತುಹಾಕುವ ಹಿಂಗೋಡೆಯ ಕೆಳಗಿನವರೆಗೂ ಹಾಸುಮರ ಚಾಚಿರಬೇಕು. ಹೊಸ ದಪ್ಪ ರೋಲರ್ ದೋಣಿಯನ್ನು ಎರಡೇ ಸೆಂಟಿಮೀಟರ್ ಹಿಂದಕ್ಕೆ ನೂಕಿದರೂ, ಮೊದಲೇ ಅಂಚಿನಲ್ಲಿದ್ದ ಹಿಂಗೋಡೆ ಆಸರೆ ತಪ್ಪಿ ಗಾಳಿಯಲ್ಲಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಎಂಜಿನ್ನಿನ ಭಾರ ಹೊತ್ತು ಒಂದು ಚಳಿಗಾಲ ಕಳೆದ ಫೈಬರ್ ತಳ ಕೊಕ್ಕೆಯಂತೆ ಬಾಗಬಹುದು. ಬಾಗಿದ ತಳದ ದೋಣಿ ನೀರಿನಲ್ಲಿ ಮೂತಿ ತಗ್ಗಿಸಿ ಓಡುತ್ತದೆ, ವೇಗ ಕಳೆದುಕೊಳ್ಳುತ್ತದೆ. ಮುಂದೆ ಹಾಕಿದ ರೋಲರಿನ ತಪ್ಪು ಹಿಂದೆ, ಹಲವು ತಿಂಗಳ ನಂತರ ಕಾಣಿಸಿಕೊಳ್ಳುವುದರಿಂದ ಎರಡಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗಾಗಿ ಹಳೆಯ ರೋಲರನ್ನು ಕಿತ್ತು ಕಸದ ಬುಟ್ಟಿಗೆ ಎಸೆಯುವುದು ದೊಡ್ಡ ತಪ್ಪು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ನಟ್ಟನಡುವೆ ಮಾತ್ರ ಸಮನಾದ ಗೀರು ಬಿದ್ದು ಡಮರುಗದ ಹಾಗಾಗಿದ್ದರೆ ಅದು ವಯಸ್ಸಿಗೆ ತಕ್ಕ ಸಹಜ ಸವೆತ. ದೋಣಿ ನೆಟ್ಟಗೆ ಕೂತಿತ್ತು, ರೋಲರ್ ತಿರುಗುತ್ತಿತ್ತು. ಗೀರು ಒಂದು ಮಗ್ಗುಲಿಗೆ ವಾಲಿದ್ದರೆ ದೋಣಿ ಓರೆಯಾಗಿ ಏರುತ್ತಿದೆ, ಇಲ್ಲವೇ ಕಂಬ ತಿರುಚಿದೆ. ರೋಲರಿನ ಒಂದು ಮುಖ ಮಾತ್ರ ಚಪ್ಪಟೆಯಾಗಿ ಉಳಿದ ಸುತ್ತು ಹೊಸದರಂತಿದ್ದರೆ ಅದು ತಿರುಗುವುದನ್ನು ನಿಲ್ಲಿಸಿ ವರ್ಷಗಳಾದವು. ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಇಂಥದ್ದು ಸಿಕ್ಕರೆ ತಕ್ಷಣ ದೋಣಿಯ ಮೂತಿಯ ಮೇಲೆ ಬೆರಳಾಡಿಸಬೇಕು. ಫೈಬರ್ ದೋಣಿಯ ಹೊರಮೈಗೆ ಬಳಿದ ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಆಸುಪಾಸಿನ ಪದರ. ರಸ್ತೆಯ ಪ್ರತಿ ಉಬ್ಬಿಗೂ ಮೂತಿ ಮೇಲೆ ಕೆಳಗೆ ಆಡುವಾಗ, ತಿರುಗದ ರೋಲರ್ ಆ ಪದರವನ್ನು ಅರದಂತೆ ಉಜ್ಜುತ್ತದೆ. ಬೆರಳಿಗೆ ನುಣುಪು ತಪ್ಪಿ ಒರಟು ತಾಕಿತೆಂದರೆ ಗಾಜಿನ ನೂಲು ಹೊರಬಂದಿದೆ, ನೀರು ಒಳಗಿಳಿಯಲು ದಾರಿಯಾಗಿದೆ; ಅದನ್ನು ಮುಚ್ಚದೆ ಹೊಸ ರೋಲರ್ ಹಾಕಿ ಫಲವಿಲ್ಲ. ಇನ್ನು ರಬ್ಬರಿನ ಮೈಮೇಲೆ ಸಣ್ಣ ಸಣ್ಣ ಸಮಾನಾಂತರ ಬಿರುಕುಗಳಿದ್ದರೆ ಅದು ಓಜೋನ್ ಮಾಡಿದ್ದು. ಎಳೆತಕ್ಕೆ ಸಿಕ್ಕ ರಬ್ಬರಿನಲ್ಲಿ ಬಿರುಕು ಎಳೆತಕ್ಕೆ ಅಡ್ಡಡ್ಡವಾಗಿಯೇ ಏಳುತ್ತದೆ, ಆದ್ದರಿಂದ ಅದನ್ನು ಓದಿ ಒತ್ತಡ ಯಾವ ದಿಕ್ಕಿನದೆಂದು ಹೇಳಬಹುದು. ಕೊನೆಗೆ ನಡುವಿನ ತೂತು ನೋಡಿ. ದುಂಡಗಿದ್ದದ್ದು ಮೊಟ್ಟೆಯಾಕಾರ ತಾಳಿದ್ದರೆ ಪಿನ್ನಿಗೂ ರೋಲರಿಗೂ ಅಳತೆ ಹೊಂದಿರಲಿಲ್ಲ. ಅಮೆರಿಕದಲ್ಲಿ ಅರ್ಧ ಇಂಚಿನ ಪಿನ್ನೂ ಉಂಟು, ಐದೆಂಟಾಂಶ ಇಂಚಿನದೂ ಉಂಟು. ದಪ್ಪ ಪಿನ್ನಿನ ರೋಲರನ್ನು ಸಣ್ಣ ಪಿನ್ನಿಗೆ ತೊಡಿಸಿದರೆ ಮೂರು ಮಿಲಿಮೀಟರ್ ಸಡಿಲ ಸಿಗುತ್ತದೆ. ಪ್ರತಿ ಬ್ರೇಕಿಗೂ ಅಷ್ಟು ದೂರ ಹಾರಿ ಬಡಿಯುವ 800 ಕಿಲೋ ಸುತ್ತಿಗೆ ಅದು.

ಯಾವ ಪದಾರ್ಥದ ರೋಲರ್ ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ, ಆದರೆ ನನ್ನ ಪ್ರಕಾರ ಅದಕ್ಕೆ ಸಿಗುವ ಮಹತ್ವ ಹೆಚ್ಚಾಯಿತು. ಕಪ್ಪು ರಬ್ಬರ್ ಮೆದು, ಅಗ್ಗ, ಪೆಟ್ಟನ್ನು ಚೆನ್ನಾಗಿ ನುಂಗುತ್ತದೆ. ಅದರಲ್ಲಿ ಬೆರೆಸಿದ ಮಸಿಯೇ ಬಿಸಿಲಿನಿಂದ ಅದನ್ನು ಕಾಯುತ್ತದೆ, ಆದರೆ ಅದೇ ಮಸಿ ಬಿಳಿಯ ಮೂತಿಯ ಮೇಲೆ ಸುಲಭಕ್ಕೆ ಹೋಗದ ಕಪ್ಪು ಗೆರೆ ಎಳೆಯುತ್ತದೆ. ಹಳದಿ, ಕಂದು ಬಣ್ಣದ ಪಾಲಿಯುರೆಥೇನ್ ಅಥವಾ ಪಿವಿಸಿ ರೋಲರುಗಳು ಕಲೆ ಮಾಡುವುದಿಲ್ಲ. ಪಾಲಿಯುರೆಥೇನ್ ಅಂತೂ ಉಜ್ಜಾಟಕ್ಕೆ ಬಹಳ ಕಾಲ ಬಾಳುತ್ತದೆ. ಗಟ್ಟಿ ರೋಲರ್ ಮೂತಿಯನ್ನು ನೋಯಿಸುತ್ತದೆ ಎನ್ನುವವರ ಮಾತು ಅರ್ಧ ನಿಜ. ಗಟ್ಟಿಯಾದದ್ದು ಕಡಿಮೆ ಅದುಮಿಕೊಳ್ಳುವುದರಿಂದ ಅದೇ ಬಲ ಇನ್ನೂ ಸಣ್ಣ ಜಾಗಕ್ಕೆ ಬೀಳುತ್ತದೆ. ಆದರೆ ರೋಲರ್ ಸರಾಗ ತಿರುಗುತ್ತಿದ್ದು, ಹಿಂಗೋಡೆಯನ್ನು ಟ್ರೇಲರಿಗೆ ಬಿಗಿಯುವ ಪಟ್ಟಿಗಳು ದೋಣಿಯ ಕುಣಿತವನ್ನು ತಡೆದಿದ್ದರೆ ಆ ಗಟ್ಟಿತನದಿಂದ ಹಾನಿಯಿಲ್ಲ. ಹಾನಿ ಮಾಡುವುದು ಪದಾರ್ಥಕ್ಕಿಂತ ಆಟ, ಸಡಿಲ. ಒಂದು ಎಚ್ಚರ ಮಾತ್ರ ಹೇಳಲೇಬೇಕು: ಗ್ಯಾರೇಜಿನಲ್ಲಿ ಸಿಗುವ ಸಾಮಾನ್ಯ ಗ್ರೀಸನ್ನು ಪಿನ್ನಿಗೆ ಬಳಿಯುವ ಅಭ್ಯಾಸ ನೈಸರ್ಗಿಕ ರಬ್ಬರಿನ ಪಾಲಿಗೆ ಕೆಟ್ಟದ್ದು. ಖನಿಜ ತೈಲ ಕುಡಿದು ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ತಿರುಗಲೆಂದು ಹಚ್ಚಿದ್ದೇ ತಿರುಗದಂತೆ ಮಾಡುತ್ತದೆ. ಸಿಲಿಕೋನ್ ಗ್ರೀಸ್ ಸಾಕು.

ರೋಲರ್ ಬಿಟ್ಟು ಇಂಗ್ಲಿಷಿನ ‘ವಿ’ ಅಕ್ಷರದಂತೆ ಮೂತಿಯನ್ನು ಎರಡೂ ಕಡೆಯಿಂದ ತಬ್ಬುವ ರಬ್ಬರ್ ಅಚ್ಚು ಹಾಕುವುದೇ ಮೇಲಲ್ಲವೇ ಎಂಬುದು ತಿಳಿದವರೇ ಎತ್ತುವ ಪ್ರಶ್ನೆ, ಅದರಲ್ಲಿ ಹುರುಳಿದೆ. ಅಗಲ ಜಾಗಕ್ಕೆ ಬಲ ಹಂಚಿಹೋಗುತ್ತದೆ, ದೋಣಿ ಎಡಬಲ ವಾಲುವುದಿಲ್ಲ. ಚೂಪು ಮೂತಿಯ, ಯಾವಾಗಲೂ ಒಂದೇ ಎತ್ತರಕ್ಕೆ ಬಂದು ನಿಲ್ಲುವ ದೋಣಿಗೆ ಅದು ಸೊಗಸಾಗಿ ಹೊಂದುತ್ತದೆ. ಆದರೆ ಇಳಿಜಾರು ರ್‍ಯಾಂಪಿನಲ್ಲಿ ನೀರಿನಿಂದ ಮೇಲೆ ಬರುವಾಗ ದೋಣಿಯ ಹಿಂಭಾಗ ಇನ್ನೂ ತೇಲುತ್ತಿರುತ್ತದೆ, ಮೂತಿ ಮೇಲೆ ಕೆಳಗೆ ಜಾರುತ್ತಾ ತನ್ನ ಜಾಗ ಹುಡುಕುತ್ತದೆ. ಆ ಜಾರುವಿಕೆಗೆ ರೋಲರ್ ಮಣಿಯುತ್ತದೆ, ಅಚ್ಚು ಹಿಡಿದು ಉಜ್ಜುತ್ತದೆ. ಮೂತಿಯ ಕೋನಕ್ಕೆ ಸರಿಹೊಂದದ ಅಚ್ಚು ತನ್ನ ಎರಡು ಅಂಚುಗಳಲ್ಲಷ್ಟೇ ತಾಕಿ ಅಲ್ಲಿ ಜೆಲ್‌ಕೋಟ್ ಸೀಳುವುದೂ ಉಂಟು. ಟ್ರೇಲರ್ ತಯಾರಿಸಿದವರು ರೋಲರ್ ಕೊಟ್ಟಿದ್ದರೆ ಅದನ್ನೇ ಉಳಿಸಿಕೊಳ್ಳುವುದು ನನ್ನ ಆಯ್ಕೆ. ಅದರ ಸುತ್ತಲೇ ಅವರು ಕಂಬದ ಎತ್ತರ, ಕೊಂಡಿಯ ಮಟ್ಟ ಲೆಕ್ಕ ಹಾಕಿರುತ್ತಾರೆ.

ಕೆಲಸದ ಕ್ರಮವೂ ಇದೇ ತರ್ಕದಿಂದ ಹುಟ್ಟುತ್ತದೆ. ಮೊದಲು ಸಪಾಟು ನೆಲದಲ್ಲಿ, ದೋಣಿ ಪೂರ್ತಿ ಕೂತಿರುವಾಗ, ಹಿಂಗೋಡೆ ಹಾಸುಮರದ ಯಾವ ಜಾಗಕ್ಕೆ ಬಂದಿದೆಯೆಂದು ಟೇಪಿನಿಂದ ಗುರುತು ಹಾಕಬೇಕು. ರ್‍ಯಾಂಪಿನ ಇಳಿಜಾರಿನಲ್ಲಿ ರೋಲರಿಗೆ ತಾಕಿದ್ದ ಮೂತಿ ಸಮನೆಲಕ್ಕೆ ಬಂದಾಗ ಎರಡು ಬೆರಳು ದೂರ ನಿಲ್ಲುವುದುಂಟು, ಅಲ್ಲಿನ ಅಳತೆ ನಂಬತಕ್ಕದ್ದಲ್ಲ. ಎಲ್ಲಕ್ಕಿಂತ ಒಳ್ಳೆಯದು ದೋಣಿಯನ್ನು ನೀರಿಗಿಳಿಸಿ, ಖಾಲಿ ಟ್ರೇಲರಿನಲ್ಲಿ ರೋಲರ್ ಬದಲಿಸುವುದು. ನೆಲದ ಮೇಲೆಯೇ ಮಾಡಬೇಕಾದರೆ ಟ್ರೇಲರನ್ನು ಕಾರಿಗೆ ಸಿಕ್ಕಿಸಿಯೇ ಇಟ್ಟು, ಚಕ್ರಗಳಿಗೆ ಕಟ್ಟೆ ಕೊಟ್ಟು, ಮೂತಿಯ ಕೊಂಡಿಗೆ ವಿಂಚ್ ಅಲ್ಲದೆ ಬೇರೊಂದು ಸರಪಳಿ ಬಿಗಿದು, ಬೇಕಾದ ನಾಲ್ಕು ಬೆರಳಷ್ಟೇ ಹಿಂದಕ್ಕೆ ಬಿಡಬೇಕು. ಕಾರಿನಿಂದ ಕಳಚಿದ ಟ್ರೇಲರಿನ ಮೇಲೆ ದೋಣಿಯನ್ನು ಹಿಂದಕ್ಕೆ ಸರಿಸುವುದೆಂದರೆ ಎತ್ತು ಬಿಚ್ಚಿದ ಗಾಡಿಯ ಹಿಂಬದಿಗೆ ಹತ್ತಿ ನಿಂತ ಹಾಗೆ: ಮೂಕಿ ಆಕಾಶಕ್ಕೆ, ಹಿಂಬದಿ ನೆಲಕ್ಕೆ. ಭಾರ ಹೊತ್ತ ವಿಂಚಿನ ಹಲ್ಲುಕೊಕ್ಕೆಯನ್ನು ಹಿಡಿಕೆ ಭದ್ರವಾಗಿ ಹಿಡಿಯದೆ ಎತ್ತಬಾರದು; ಗಿರ್ರನೆ ತಿರುಗುವ ಹಿಡಿಕೆ ಮುಂಗೈ ಮೂಳೆ ಮುರಿಯಬಲ್ಲದು. ಪಿನ್ ಹೊರಬಂದ ಮೇಲೆ ಬ್ರಾಕೆಟ್ಟಿನ ಕಿವಿಗಳು ಅಗಲಿವೆಯೇ, ತೂತು ಹಿಗ್ಗಿದೆಯೇ, ಕಂಬದ ಬುಡದ ಬೋಲ್ಟಿನ ಸುತ್ತ ತುಕ್ಕಿನ ಕಣ್ಣೀರು ಇಳಿದಿದೆಯೇ ನೋಡಿ. ಹೊಸ ತೂತು ಕೊರೆದರೆ ಸತುವಿನ ಲೇಪ ಅಲ್ಲಿ ಹೋಯಿತು, ಸತು ಬೆರೆಸಿದ ಬಣ್ಣ ಹಚ್ಚದೆ ಮುಂದುವರಿಯಬೇಡಿ. ಪಿನ್ನಿನ ತುದಿಗೆ ಒತ್ತಿ ಕೂರಿಸುವ ಟೊಪ್ಪಿಯನ್ನೂ ನೈಲಾನ್ ಉಂಗುರದ ನಟ್ಟನ್ನೂ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು. ರೋಲರಿನ ಎರಡೂ ಕಡೆ ವಾಷರ್ ಹಾಕಿ, ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತುವಷ್ಟು ಸಂದು ಉಳಿಸಿ. ಹಳೆಯ ರೋಲರಿನ ತೂತಿನಲ್ಲಿ, ಬ್ರಾಕೆಟ್ಟಿನ ಸಂದಿನಲ್ಲಿ ಸಿಕ್ಕಿಕೊಂಡ ಜೊಂಡು, ಕೆಸರು ಇದ್ದರೆ ಅಲ್ಲೇ ತೆಗೆದು ಒಣಗಿಸಬೇಕು. ಮಿನ್ನೆಸೋಟದ ನೀರಿಗೆ 1989ರಲ್ಲಿ ಡುಲೂತ್ ಬಂದರಿನ ಮೂಲಕ ಕಾಲಿಟ್ಟ ಜೀಬ್ರಾ ಕಪ್ಪೆಚಿಪ್ಪು ಸರೋವರದಿಂದ ಸರೋವರಕ್ಕೆ ದೋಣಿ ಮತ್ತು ಟ್ರೇಲರುಗಳ ಇಂಥ ಸಂದುಗಳಲ್ಲಿ ಅಡಗಿಯೂ ಹಬ್ಬುತ್ತದೆ.

ಇಷ್ಟೆಲ್ಲ ಆದ ಮೇಲೆ ದೋಣಿ ಏರಿಸಿ, ಮೊದಲು ಹಾಕಿದ ಟೇಪಿನ ಗುರುತಿಗೆ ಹಿಂಗೋಡೆ ಬಂದು ನಿಂತಿತೇ ನೋಡಿ. ಬಾರದಿದ್ದರೆ ಕಂಬವನ್ನು ಸರಿಸಿ ಗುರುತಿಗೆ ತನ್ನಿ. ಕಂಬ ಸರಿಸಲು ಇರುವ ನ್ಯಾಯವಾದ ಕಾರಣ ಅದೊಂದೇ. ಆಮೇಲೆ ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯನ್ನು ತನ್ನಿ. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಟ್ಟೆ ಕೊಟ್ಟು, ಕಾರಿನ ಕೊಕ್ಕೆಯ ಎತ್ತರಕ್ಕೇ ಟ್ರೇಲರಿನ ಮೂಕಿ ನಿಲ್ಲುವಂತೆ ತಕ್ಕಡಿಯ ಮೇಲೊಂದು ಮರದ ತುಂಡು ಇಟ್ಟು ಅದರ ಮೇಲೆ ಇಳಿಸಿ. ಮುಳ್ಳು ತೋರಿಸುವ ಅಂಕಿಯೇ ನಿಮ್ಮ ದೋಣಿಯ ಮುಂಭಾರ. ಕಾರಿನ ಮತ್ತು ಟ್ರೇಲರಿನ ಕೈಪಿಡಿಗಳು ಹೇಳುವ ಮಿತಿಯೊಳಗೆ ಅದು ಇದ್ದರೆ, ಅಳಿಸದ ಶಾಯಿಯಲ್ಲಿ ಕಂಬದ ಮೇಲೆ ದಿನಾಂಕದೊಂದಿಗೆ ಬರೆದಿಡಿ. ಮೊದಲ ಪ್ರಯಾಣದಲ್ಲಿ ನಲವತ್ತೈವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ನಿಲ್ಲಿಸಿ, ಇಳಿದು, ಪಿನ್ನು ನಟ್ಟುಗಳನ್ನು ಕೈಯಲ್ಲಿ ಮುಟ್ಟಿ ನೋಡಿ.